ಅಕ್ಕಡಿ ಸಾಲಿಗೆ ಕಾಲಂ ಇರಲಿಲ್ಲ

ಒಂದು ಕಂಪನಿಗೆ ಹಾಕಿದ ಅನುದಾನದ ಅರ್ಜಿಯ ಏಳನೇ ಪುಟದಲ್ಲಿ 'ಮುಖ್ಯ ಬೆಳೆ' ಅಂತ ಒಂದು ಕಾಲಂ. ರಾಗಿ ಅಂತ ಹೊಡೆದು, ನಡುನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲಿನ ಅವರೆಯನ್ನೂ ಪಕ್ಕದಲ್ಲಿ ಸೇರಿಸಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಒಂದನ್ನೇ ಆರಿಸಬೇಕಂತೆ. ಹುಚ್ಚೆಳ್ಳು, ತೊಗರಿ, ಜೋಳ, ಬದುವಿನ ಹರಳು ಎಲ್ಲ ಹೊರಗೇ ಉಳಿದವು.

ನಮ್ಮದು ಕುಣಿಗಲ್ ಕಡೆಯ ಪುಟ್ಟ ಟ್ರಸ್ಟು. ಮೂರು ಜನ, ಒಂದು ಬೀಜದ ಕೋಣೆ. ಎರಡು ಮೂರು ಎಕರೆಯ ಮನೆಗಳು ತಮ್ಮ ಬೀಜ ತಾವೇ ಇಟ್ಟುಕೊಳ್ಳಲಿ, ಉಂಡು ಮಿಕ್ಕಿದ್ದು ಹತ್ತಿರದ ಸಂತೆಯಲ್ಲೇ ಮಾರಾಟವಾಗಲಿ ಅನ್ನೋದಷ್ಟೇ ನಮ್ಮ ಆಸೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನೋ ಆ ಹಣ ನಮ್ಮಂಥವರಿಗೆ ಸಿಗಬೇಕಾದರೆ ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ, ಅದರ ಮೇಲೆ 2021ರಿಂದ ಸಿಎಸ್‌ಆರ್-1 ಅನ್ನೋ ಇನ್ನೊಂದು ನೋಂದಣಿ ಬೇಕಿತ್ತು. ಇವಿಷ್ಟನ್ನೂ ಮಾಡಿಸುವಷ್ಟರಲ್ಲಿ ನಮ್ಮಲ್ಲೊಬ್ಬರ ಎರಡು ತಿಂಗಳ ಸಂಬಳ ಆಡಿಟರ್ ಮನೆ ಸೇರಿತ್ತು.

ಅಕ್ಟೋಬರ್‌ನಲ್ಲಿ ಕಂಪನಿಯಿಂದ ಒಬ್ಬರು ಮೇಡಂ ಹೊಲ ನೋಡಲು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ. ಇದನ್ನು ಮೊದಲೇ ಹೇಳಿಬಿಡಬೇಕು. ರಾಗಿ ಹಾಲುತೆನೆಗೆ ಬಂದಿತ್ತು. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿ, ಜೇನು ಗುಂಯ್ ಅನ್ನುತ್ತಿದ್ದವು. ಅವರು ಮೊದಲು ಫೋಟೊ ತೆಗೆದರು. ಆಮೇಲೆ ಬದುವಿನ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದರು.

"ಎಕರೆಗೆ ಎಷ್ಟು ರಾಗಿ ಬರುತ್ತೆ ಅಜ್ಜಿ?"

"ಯಾವ್ ವರ್ಸುದ್ದು ಕೇಳ್ತೀಯವ್ವ? ಮಳೆ ಚೆನ್ನಾಗ್ ಬಂದ್ರೆ ಎಂಟು ಚೀಲ. ಮಳೆ ಕೈಕೊಟ್ರೆ ಅವ್ರೆ. ಅದೂ ಹೋಯ್ತು ಅಂದ್ರೆ ತೊಗ್ರಿ. ಒಂದಲ್ಲ ಒಂದು ಮನೇಗ್ ಬತ್ತದೆ."

ಮೇಡಂ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅಜ್ಜಿ ಬಿಡಲಿಲ್ಲ. ಬಿತ್ತುವ ಕೂರಿಗೆಯ ಹಿಂದೆ ಸಡ್ಡೆ ಅನ್ನೋ ಕೊಳವೆ ಕಟ್ಟಿ ಅಕ್ಕಡಿ ಕಾಳು ಬಿಡೋದು ಹೇಗೆ, ಆ ಕೈಗೆ ಎಷ್ಟು ಹದ ಬೇಕು, ರಾಗಿ ಕೊಯ್ದ ಮೇಲೆ ಅವರೆ ಹೇಗೆ ಮೈ ಹರಡಿಕೊಳ್ಳುತ್ತೆ, ಇಬ್ಬನಿ ಬಿದ್ದರೇ ಕಾಯಿಗೆ ಸೊಗಡು ಹತ್ತೋದು ಯಾಕೆ, ಎಲ್ಲ ಹೇಳಿದರು. ಅರ್ಧ ಗಂಟೆ. ನಾನು ನಾಲ್ಕು ರಾತ್ರಿ ಕೂತು ಇಂಗ್ಲಿಷಿನಲ್ಲಿ ಬರೆದ ಹನ್ನೆರಡು ಪುಟದಲ್ಲಿ ಇದರ ಒಂದು ಸಾಲೂ ಇರಲಿಲ್ಲ ಅನ್ನೋದು ಅಲ್ಲೇ ಹೊಳೆದು ನಾಚಿಕೆಯಾಯಿತು. ಕೊನೆಗೆ ಮೇಡಂ ಅಷ್ಟನ್ನೂ 'ಅಪಾಯ ನಿರ್ವಹಣೆ' ಅನ್ನೋ ಕಾಲಂಗೆ ಇಳಿಸಿದರು. ತಪ್ಪೇನಲ್ಲ ಬಿಡಿ.

ನಾವು ಕೇಳಿದ್ದು ಮೂರು: ಸುಗ್ಗಿಯಲ್ಲಿ ಮನೆಮನೆಯಿಂದ ಬೀಜ ಕೊಳ್ಳಲು ದುಡ್ಡು, ಊರೂರು ತಿರುಗುವ ಇಬ್ಬರು ಹೆಂಗಸರಿಗೆ ಸಂಬಳ, ಅವರ ಬಸ್ ಚಾರ್ಜು. ಜನವರಿಯಲ್ಲಿ ಮಂಜೂರಾಗಿದ್ದು ಒಂದು ರಾಗಿ ಕ್ಲೀನಿಂಗ್ ಮಷಿನ್ನು. ಸಂಬಳ, ಬಸ್ ಚಾರ್ಜು ಫೋಟೊಗೆ ಸಿಗೋದಿಲ್ಲವಲ್ಲ. ಮಷಿನ್ನಿನ ಮೇಲಾದರೆ ಬೋರ್ಡು ಅಂಟಿಸಬಹುದು.

ಹಣ ಕೈಗೆ ಬಂದದ್ದು ಫೆಬ್ರವರಿ ನಡುವೆ. ಮಾರ್ಚ್ 31ರೊಳಗೆ ಖರ್ಚಾಗಿ ಲೆಕ್ಕ ಹೋಗಬೇಕು. ಆ ಹೊತ್ತಿಗೆ ಹೊಲದಲ್ಲಿ ಏನಿರುತ್ತೆ? ರಾಗಿ ಕೂಳೆ. ಒಕ್ಕಣೆ ಮುಗಿದು, ಮಾರುವವರು ಮಾರಿ, ಬೀಜಕ್ಕೆ ಇಡುವವರು ಬೂದಿ ಬೆರೆಸಿ ಇಟ್ಟಾಗಿತ್ತು. ಹಲವು ವರ್ಷದ ಯೋಜನೆ ಅಂತ ಒಪ್ಪಿಸಿಕೊಂಡರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ನಿಯಮದಲ್ಲೇ ದಾರಿ ಇದೆ. ಅದನ್ನು ನಾವು ಓದಿಕೊಂಡಿದ್ದು ಮಷಿನ್ ಬಂದಿಳಿದ ಮೇಲೆ. ಆ ದಡ್ಡತನ ಕಂಪನಿಯದಲ್ಲ, ನಮ್ಮದು.

ಮಷಿನ್ನಿಗೆ ತ್ರೀ ಫೇಸ್ ಕರೆಂಟು ಬೇಕು. ನಮ್ಮ ಕೋಣೆಯಲ್ಲಿರೋದು ಸಿಂಗಲ್ ಫೇಸ್. ಉದ್ಘಾಟನೆಯ ದಿನ ಪಕ್ಕದ ಮನೆಯ ಜನರೇಟರ್ ತಂದು ಹತ್ತು ನಿಮಿಷ ಓಡಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಜೂನ್ ಮೊದಲ ವಾರ ಅಜ್ಜಿ ಬೀಜದ ಕೋಣೆಗೆ ಬಂದರು. ನಮ್ಮಲ್ಲಿ ಒಂದು ಸೇರು ಒಯ್ದವರು ಮುಂದಿನ ಮುಂಗಾರಿಗೆ ಎರಡು ಸೇರು ತಂದು ಕೊಡಬೇಕು. ಅದಕ್ಕೆ ಅರ್ಜಿಯೂ ಇಲ್ಲ, ಆಡಿಟರೂ ಇಲ್ಲ. ಕಂಕುಳಲ್ಲಿ ಕೆಮ್ಮಣ್ಣು ಕಟ್ಟಿದ ಅವರೆಯ ಗಂಟು. ಕೋಣೆಯ ನಡುವೆ ನಿಂತಿದ್ದ ಮಷಿನ್ನನ್ನು ಒಂದು ಸುತ್ತು ಬಂದು ನೋಡಿದರು.

"ಇದುಕ್ಕೆಷ್ಟು ಕೊಟ್ರಪ್ಪ?"

ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ, ಗಂಟು ಅಲ್ಲೇ ಇಟ್ಟು ಬಿಚ್ಚಿದರು. "ಸೇರು ತಾ ಮಗ, ಇಲ್ಲೇ ಅಳೀತೀನಿ. ಬಗ್ಗೋದು ತಪ್ತು."