ಅಪ್ಪನ ಗಾಳದ ಕೋಲಿನ ಹಿಡಿ

ಸಕಲೇಶಪುರದ ಮಳೆಗಾಲ ಮುಗಿದು, ಅಟ್ಟದಿಂದ ಅಪ್ಪನ ರಾಡ್ ಇಳಿಸಿದಾಗ ಹೊಟ್ಟೆ ಚುರ್ ಅಂತು. ಕಾರ್ಕ್ ಹಿಡಿಯ ತುಂಬ ಬೂಷ್ಟು. ಹೆಬ್ಬೆರಳು ಊರುವ ಜಾಗ ಮಾತ್ರ ಕಪ್ಪಗೆ, ನುಣ್ಣಗೆ: ಗೊರೂರಿನ ಹಿನ್ನೀರಲ್ಲಿ ಅಪ್ಪ ಗಾಳಕ್ಕೆ ಕಲಸುತ್ತಿದ್ದ ರಾಗಿಹಿಟ್ಟು, ಕೈಬೆವರು ಸೇರಿ ಕೂತ ಕೊಳೆ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮೆತ್ತನೆ ಸ್ಪಂಜಿನಲ್ಲಿ ಉಜ್ಜಿದೆ. ನೊರೆ ಕಾಫಿ ಬಣ್ಣಕ್ಕೆ ತಿರುಗ್ತು. ನೀರಲ್ಲಿ ನೆನೆಹಾಕಬೇಡಿ, ಕಾರ್ಕ್ ಉಂಗುರಗಳ ನಡುವಿನ ಅಂಟು ಬಿಡಬಹುದು. ಬ್ಲೀಚ್ ಅಂತೂ ಬೇಡವೇ ಬೇಡ. ಒತ್ತಿ ಒರೆಸಿ ಎರಡು ದಿನ ನೆರಳಲ್ಲಿ ಆರಲು ಬಿಟ್ಟೆ.

ಗುಳಿಬಿದ್ದ ಕಡೆ, ಹಳೇ ಬಾಟಲಿಯ ಕಾರ್ಕ್ ಬಿರಡೆ ಉಜ್ಜಿದ ಪುಡಿಯನ್ನು ನೀರಿಗೆ ಬಿಡದ ಮರದ ಅಂಟಿನಲ್ಲಿ ಕಲಸಿ ತುಂಬಿದೆ. ಒಣಗಿದ ಮೇಲೆ 400 ನಂಬರ್ ಪಾಲಿಶ್ ಪೇಪರಿನಿಂದ ಹಗುರಕ್ಕೆ ತಿಕ್ಕಿದೆ. ಜಾಸ್ತಿ ತಿಕ್ಕಿದರೆ ಹಿಡಿಯೇ ಸವೆದುಹೋಗುತ್ತೆ. ಪೋರ್ಚುಗಲ್ಲಿನಲ್ಲಿ ಕಾರ್ಕ್ ಓಕ್ ಮರದ ತೊಗಟೆ ಒಮ್ಮೆ ಸುಲಿದರೆ ಮತ್ತೆ 9 ವರ್ಷ ಕಾಯಬೇಕು; ಅಷ್ಟು ನಿಧಾನಕ್ಕೆ ಬೆಳೆದ ವಸ್ತು ಇದು.

ಹೆಬ್ಬೆರಳಿನ ಗುರುತು ಪೂರ್ತಿ ಹೋಗಿಲ್ಲ. ಅಲ್ಲಿ ಪೇಪರ್ ಆಡಿಸಲು ಮನಸ್ಸು ಬರಲಿಲ್ಲ. ಈಗ ರಾಡನ್ನು ಕವರಿಗೆ ಹಾಕದೆ, ಗಾಳಿಯಾಡುವ ಹಜಾರದ ಗೋಡೆಗೆ ನೇತುಹಾಕಿದ್ದೇನೆ.