ಅಜ್ಜ ಮಹಾ ಜಿಪುಣ

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ. ಕಾಸರಗೋಡಿನ ಕುಂಬಳೆ ಕಡೆಯ ನಮ್ಮ ಶಾಲೆಯಲ್ಲಿ ಹೆಚ್ಚಿನವರ ಕತೆ ಇದೇ. ಹಾಗಾಗಿ ಕನ್ನಡ ಮಾಷ್ಟ್ರು ಪ್ರಬಂಧ ಬರೆಯಲು ಹೇಳಿದರೆ ಗೊತ್ತಿದ್ದ ದೊಡ್ಡ ದೊಡ್ಡ ಶಬ್ದಗಳನ್ನೆಲ್ಲ ತುಂಬಿಸುತ್ತಿದ್ದೆವು.

ಹತ್ತನೇ ಕ್ಲಾಸಿನಲ್ಲಿ ಒಮ್ಮೆ ಮನೆಯವರೊಬ್ಬರ ಬಗ್ಗೆ ಬರೆಯಬೇಕಿತ್ತು. ‘ನನ್ನ ಅಜ್ಜ ಮಹಾ ಜಿಪುಣ’ ಎಂದು ಶುರು ಮಾಡಿದೆ.

‘ನಿನಗೆ ಹೇಗೆ ಗೊತ್ತು ಮಾರಾಯ?’ ಎಂದರು ಮಾಷ್ಟ್ರು.

‘ಅಜ್ಜಿ ಹೇಳ್ತಾರೆ ಸರ್.’

‘ಅದು ಅಜ್ಜಿಯ ಮಾತಾಯಿತು. ಅಜ್ಜ ಎಂತ ಮಾಡ್ತಾರೆ, ಅದು ಹೇಳು.’

ಹೇಳಿದೆ. ಬೆಳಿಗ್ಗೆ ತೋಟದಲ್ಲಿ ಉದುರಿದ ಅಡಿಕೆ ಹೆಕ್ಕುತ್ತಾರೆ. ತೋಡಿಗೆ ಬಿದ್ದ ಒಂದೇ ಒಂದು ಅಡಿಕೆಗೂ ಮುಂಡು ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ. ಕಾಗದ ಬಂದರೆ ಲಕೋಟೆ ಹರಿಯುವುದಿಲ್ಲ. ಅಂಟು ಬಿಡಿಸಿ, ಪೂರ್ತಿ ಬಿಚ್ಚಿ, ತೊಡೆಯ ಮೇಲಿಟ್ಟು ಅಂಗೈಯಲ್ಲಿ ಉಜ್ಜಿ, ಒಳಮೈಯಲ್ಲಿ ಕೂಲಿಯವರ ಲೆಕ್ಕ ಬರೆಯುತ್ತಾರೆ.

ಮಾಷ್ಟ್ರು ನನ್ನ ಮೊದಲ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು, ‘ಈಗ ಹೇಳಿದ್ದನ್ನೇ ಬರೆ’ ಎಂದರು.

ಲೇಖಕನೇ ‘ಇವನು ಇಂಥವನು’ ಎಂದು ಹೇಳಿಬಿಟ್ಟರೆ ನೇರ ಪಾತ್ರಚಿತ್ರಣ. ಮಾತು, ನಡೆ, ಉಡುಪು, ಮನಸ್ಸಿನ ಯೋಚನೆ, ಉಳಿದವರು ಅವನೊಡನೆ ಇರುವ ರೀತಿ, ಇವುಗಳಿಂದ ನಾವೇ ತಿಳಿದುಕೊಂಡರೆ ಪರೋಕ್ಷ. ನೋಟ್ಸಿನಲ್ಲಿ ಇಷ್ಟೇ ಇತ್ತು. ತಲೆಗೆ ಹೋದದ್ದು ಮಾತ್ರ ಯಕ್ಷಗಾನದಿಂದ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನ ಮಕ್ಕಳಲ್ವಾ ನಾವು! ಆಟದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದರೆ ರಾಕ್ಷಸ ಎಂದು ಸಣ್ಣ ಮಗುವಿಗೂ ಗೊತ್ತು. ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಪಂಚೆ ಉಟ್ಟು ಕೂತವರು ಅರ್ಥ ಹೇಳುತ್ತಾ ಹೋದ ಹಾಗೆ ರಾವಣ ಯಾರು, ಎಂಥವನು ಎಂದು ನಾವೇ ಕಟ್ಟಿಕೊಳ್ಳಬೇಕು. ಮಂಥರೆ ರಾಮನ ಬಗ್ಗೆ ಆಡುವ ಮಾತಿನಿಂದ ತಿಳಿಯುವುದು ರಾಮನಲ್ಲ, ಮಂಥರೆ. ಅಜ್ಜಿಯ ಮಾತನ್ನು ಮಾಷ್ಟ್ರು ಯಾಕೆ ಒಪ್ಪಲಿಲ್ಲ ಎಂದು ಆಗ ಹೊಳೆಯಿತು.

ಕಾರಂತರ ‘ಚೋಮನ ದುಡಿ’ (1933) ಓದಿದ್ದೂ ಆ ವರ್ಷವೇ. ಚೋಮನಿಗೆ ಉಳಲು ತನ್ನದೆನ್ನುವ ಗದ್ದೆಯಿಲ್ಲ, ಆದರೂ ಎತ್ತು ಸಾಕಿದ್ದಾನೆ. ಅವನ ಆಸೆ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಾ? ಸಂತೋಷವಾದರೂ ಸಂಕಟವಾದರೂ ಅವನ ಕೈ ದುಡಿ ಎಂಬ ಆ ಚರ್ಮವಾದ್ಯಕ್ಕೇ ಹೋಗುತ್ತದೆ.

ಹಾಗಂತ ಮಾಷ್ಟ್ರು ನೇರವಾಗಿ ಹೇಳುವುದನ್ನು ಬೈಯುತ್ತಿರಲಿಲ್ಲ. ‘ಎಲ್ಲವನ್ನೂ ತೋರಿಸಲು ಹೊರಟರೆ ಕಾಗದ ಕೊಟ್ಟು ಹೋಗುವ ಪೋಸ್ಟ್‌ಮ್ಯಾನಿಗೂ ಒಂದು ಅಧ್ಯಾಯ ಬೇಕಾದೀತು’ ಎಂದು ನಗುತ್ತಿದ್ದರು. ನನಗೂ ಹಾಗೇ ಅನಿಸುತ್ತದೆ. ಬರೇ ತೋರಿಸುತ್ತಾ ಹೋಗುವ ಕತೆ ಸುಮ್ನೆ ಜಾಸ್ತಿ ಉದ್ದ.

ತಿದ್ದಿದ ಪ್ರಬಂಧವನ್ನು ಕ್ಲಾಸಿನಲ್ಲಿ ಓದಿದೆ. ಜಿಪುಣ ಎಂಬ ಶಬ್ದ ಎಲ್ಲೂ ಇರಲಿಲ್ಲ. ಹಿಂದಿನ ಬೆಂಚಿನವನು, ‘ಪಾಪ, ಕಷ್ಟ ಕಂಡವರು’ ಎಂದ. ಇನ್ನೊಬ್ಬಳು, ‘ನನ್ನ ಅಪ್ಪನೂ ಹೀಗೇ, ಒಂದು ವಸ್ತು ಹಾಳು ಮಾಡಲಿಕ್ಕೆ ಬಿಡುವುದಿಲ್ಲ’ ಎಂದಳು. ಜಿಪುಣ ಅಂತ ಒಬ್ಬರೂ ಹೇಳಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು, ನಿಜ ಹೇಳಬೇಕೆಂದರೆ.

ಸಂಜೆ ಜಗಲಿಯಲ್ಲಿ ಅಜ್ಜನಿಗೂ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹಾಳೆ ಇಸ್ಕೊಂಡು ತಿರುಗಿಸಿ ನೋಡಿದರು.

‘ಹಿಂದೆ ಇಡೀ ಖಾಲಿ ಬಿಟ್ಟಿದ್ದೀಯಲ್ಲ?’