ದುಬೈನಲ್ಲಿ ಕೇಳಿದ ಒಂದು ಒಡೆದ ದನಿ

828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಮೈಮೇಲೆ ಇರುಳಲ್ಲಿ ಬಣ್ಣದ ಬೆಳಕು ಹರಿದಾಡುವ ದುಬೈನಲ್ಲಿ, ಕಳೆದ ವಾರ ಸಣ್ಣದೊಂದು ಸಭಾಂಗಣದಲ್ಲಿ, ಲೋ-ಫೈ ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ, ಮುದ್ರಣದ ಒರಟುತನವನ್ನು ಹಾಗೆಯೇ ಉಳಿಸಿಕೊಳ್ಳುವ ರಾಕ್ ಸಂಗೀತದ ಹಾಡುಗಾರನೊಬ್ಬನನ್ನು ಎದುರಿಗೇ ಕುಳಿತು ಕೇಳಿದೆ. 1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿಯು ಮಾಮೂಲಿ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಟ್ರ್ಯಾಕ್‌ಗಳನ್ನು (ಬೇರೆ ಬೇರೆ ದನಿಪದರಗಳನ್ನು) ಮುದ್ರಿಸುವ ಪೋರ್ಟಾಸ್ಟುಡಿಯೋ ಎಂಬ ಯಂತ್ರವನ್ನು ಹೊರತಂದ ಮೇಲೆ, ಸ್ಟುಡಿಯೋ ಬಾಡಿಗೆ ಕೊಡಲಾಗದವರೂ ಮನೆಯ ಕೋಣೆಯಲ್ಲೇ ಹಾಡು ಕಟ್ಟತೊಡಗಿದರು. ಟೇಪಿನ ಸುಯ್ಯೆನ್ನುವ ಸದ್ದು, ತಂತಿಯ ಮೇಲೆ ಬೆರಳು ಜಾರುವ ಕಿರುದನಿ ಎಲ್ಲವೂ ಹಾಡಿನೊಳಗೇ ಉಳಿದವು. ಅಂದು ದುಬೈನಲ್ಲಿ ಆ ಹಾಡುಗಾರ ಹಾಡಿನ ನಡುವೆಯೇ ನಿಂತು, ಗಿಟಾರಿನ ಬಿರಡೆ ತಿರುವಿ ಶ್ರುತಿ ಸರಿಪಡಿಸಿಕೊಂಡ. ಯಾರೂ ಮಿಸುಕಲಿಲ್ಲ. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಆ ಒಡೆದ ದನಿಯಲ್ಲೇ ಸಾಲನ್ನು ಮುಗಿಸಿದ.

ಬೆಳಗಾವಿಯವರಾದ ನಮಗೆ ಇದು ಹೊರಗಿನದೆನಿಸಬೇಕಿಲ್ಲ. ನಮ್ಮದೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು, ಕ್ಷಯರೋಗವು ಒಂದು ಶ್ವಾಸಕೋಶದ ಬಲವನ್ನೇ ಕಸಿದುಕೊಂಡ ಮೇಲೂ, ಉಸಿರು ತಾಳುವಷ್ಟೇ ಉದ್ದದ ಚಿಕ್ಕ ಚಿಕ್ಕ ತಾನ್‌ಗಳಲ್ಲಿ (ವೇಗದ ಸ್ವರಸರಣಿಗಳಲ್ಲಿ) ರಾಗವನ್ನು ಹೊಸದಾಗಿ ಕಟ್ಟಿದರು. ಶಾಸ್ತ್ರ, ಸಾಧನೆ ಎರಡರಲ್ಲೂ ಅವರ ಎತ್ತರವೇ ಬೇರೆ. ಆದರೂ ಕೊರತೆಯನ್ನು ಮುಚ್ಚಿಡದೆ ಹಾಡುವ ಧೈರ್ಯ ಅಂದು ನನಗೆ ಇಬ್ಬರಲ್ಲೂ ಒಂದೇ ಆಗಿ ಕೇಳಿಸಿತು.

ಟಿಳಕವಾಡಿಯ, ಶಹಾಪುರದ ನಮ್ಮ ಹುಡುಗ ಹುಡುಗಿಯರು ಮನೆಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡ ಹಾಡುಗಳನ್ನು, ಫ್ಯಾನಿನ ಸದ್ದು ಸೇರಿದೆಯೆಂದು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿರಿ, ನನಗೊಮ್ಮೆ ಕಳಿಸಿರಿ.